ಹಳದಿ ಪರದೆ ಏರುವವರೆಗೆ ನೀರಿಲ್ಲ

ಛಟೀರ್!

ಏಟು ಬಿದ್ದದ್ದು ಒದ್ದೆ ಕೆನ್ನೆಗೆ. ಹಾಗಾಗಿ ಸದ್ದು ಇಡೀ ಕಣಿವೆಗೆ ಕೇಳಿಸುವಷ್ಟು ಜೋರಾಗಿಯೇ ಬಂತು.

ಹೊಡೆದವಳು ಏದುಸಿರು ಬಿಡುತ್ತಾ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. ಹೊಡೆಸಿಕೊಂಡವನು ತಲೆಯಿಂದ ಕಾಲಿನವರೆಗೆ ನೀರು ಸುರಿಸುತ್ತಾ, ಒಂದು ಕಾಲಿನ ಬೂಟು ಕಳೆದುಕೊಂಡು, ಬಂಡೆಯನ್ನು ಎರಡೂ ಕೈಯಿಂದ ತಬ್ಬಿಕೊಂಡಿದ್ದ. ಅಂಚು ಹರಿದ ಹುಲ್ಲಿನ ಟೋಪಿಯೊಂದು ಮಾತ್ರ ಹೇಗೋ ಅವನ ತಲೆಯ ಮೇಲೆ ಉಳಿದಿತ್ತು.

"ಸಾಯೋಕೆ ಬೇರೆ ಜಾಗ ಸಿಗ್ಲಿಲ್ವಾ ನಿಮಗೆ? ನನ್ನ ಜಲಪಾತವೇ ಬೇಕಿತ್ತಾ?"

"ನಾನು ಸಾಯೋಕೆ ಬಂದಿರಲಿಲ್ಲ ಕಣ್ರೀ... ಕಲ್ಲು ನೋಡೋಕೆ ಬಂದಿದ್ದೆ."

"ಗಂಟೆ ಹೊಡೆದದ್ದು ಕೇಳಿಸ್ಲಿಲ್ವಾ? ಕಿವೀಲಿ ಏನು ಹತ್ತಿ ಇಟ್ಕೊಂಡಿದ್ರಾ?"

"ಕೇಳಿಸ್ತು. ಯಾವುದೋ ಶಾಲೆ ಬಿಟ್ರು ಅಂದ್ಕೊಂಡೆ."

ಇನ್ನೊಂದು ಕೊಡೋಣ ಅನ್ನಿಸಿತು ಅವಳಿಗೆ. ಆದರೆ ಕೈ ಮೇಲೇಳಲಿಲ್ಲ.  ಸಿಟ್ಟಿಗಿಂತ ಭಯವೇ ಹೆಚ್ಚಾಗಿತ್ತು.

'ಚಕ್ರವನ್ನ ಇನ್ನೊಂದು ಸುತ್ತು ತಿರುಗಿಸಿದ್ದಿದ್ರೆ... ಇನ್ನೊಂದೇ ಒಂದು ಸುತ್ತು...'

ತಾಳಿ, ತಾಳಿ. ಮುಖ ಪರಿಚಯವಿಲ್ಲದ ಗಂಡಸಿಗೆ ಹೊಡೆದಳಲ್ಲ, ಎಂಥ ಹೆಣ್ಣಪ್ಪಾ ಇದು ಅಂತ ಈಗಲೇ ಮೂಗು ಮುರಿಯಬೇಡಿ. ಆ ಊರಿನ ಜಲಪಾತದ ವಿಷಯ ಮೊದಲು ಕೇಳಿ.

ಅದು ತಾನಾಗಿ ಬೀಳುವ ಜಲಪಾತವಲ್ಲ. ಬಿಟ್ಟರೆ ಮಾತ್ರ ಬೀಳುತ್ತದೆ. ಊರಿನ ಕೋಟೆ ಕಟ್ಟಿದವರೇ ಗುಡ್ಡದ ನೆತ್ತಿಯಲ್ಲಿ ನದಿಗೆ ಒಂದು ಗೇಟು ಹಾಕಿ, ನೀರನ್ನು ಕಾಲುವೆಗೆ ತಿರುಗಿಸಿ, ಹಿಟ್ಟಿನ ಗಿರಣಿಗೂ ತೋಟಗಳಿಗೂ ಹರಿಸಿದ್ದರು. ಗೇಟು ಎತ್ತಿದಾಗ ನದಿ ಕಾಲುವೆ ಬಿಟ್ಟು ಬಂಡೆಯಂಚಿನಿಂದ ಧುಮುಕುತ್ತದೆ. ಕಲ್ಲುಹಾಸಿನ ಓಣಿಗಳು, ಎಂದೋ ನಿಂತುಹೋದ ಗಡಿಯಾರದ ಗೋಪುರ, ಜಲಪಾತದ ಬುಡದಲ್ಲಿರುವ ಹಳೆಯ ಕಮಾನು ಸೇತುವೆ, ಇವನ್ನೆಲ್ಲ ನೋಡಲು ಬರುವ ಜನರಿಗಾಗಿ ಬೆಳಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ ನೀರು ಬಿಡುತ್ತಾರೆ.

ಬಿಡುವವಳು ಇವಳು. ಊರವರು ಅರ್ಧ ಗೇಲಿಯಲ್ಲಿ, ಅರ್ಧ ಹೆದರಿಕೆಯಲ್ಲಿ ಇವಳನ್ನು ಕರೆಯುವುದು 'ಗೇಟ್ ರಾಣಿ' ಅಂತ.

ಗೇಟಿನ ಮನೆ ಬಂಡೆಯ ನೆತ್ತಿಯಲ್ಲಿದೆ. ಅಲ್ಲಿಂದ ಇಡೀ ಊರು ಕಾಣುತ್ತದೆ, ಜಲಪಾತದ ಬುಡ ಒಂದನ್ನು ಬಿಟ್ಟು! ಬಂಡೆ ಮುಂದಕ್ಕೆ ಚಾಚಿಕೊಂಡು ಅದನ್ನು ಮರೆಮಾಡುತ್ತದೆ. ಬುಡ ಕಾಣುವುದು ನದಿಯ ತಿರುವಿನಲ್ಲಿರುವ, ಇವಳ ತಾಯಿಯ ಕಡೆಯ ಅಜ್ಜಿಯ ಮನೆಯ ಮಾಳಿಗೆಯಿಂದ. ಅಜ್ಜಿ ಮಾಳಿಗೆಯಿಂದ ಬಗ್ಗಿ ನೋಡಿ, ಕೆಳಗೆ ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಹಗ್ಗಕ್ಕೆ ಒಂದು ಬಿಳಿ ಬಟ್ಟೆ ಏರಿಸುತ್ತಾಳೆ. ಬಟ್ಟೆ ಕಂಡ ಮೇಲೆ ಮೊಮ್ಮಗಳು ಗಂಟೆ ಹೊಡೆದು ಚಕ್ರ ತಿರುಗಿಸುತ್ತಾಳೆ. ಮೊಬೈಲು ಆ ಕಣಿವೆಯಲ್ಲಿ ಹೊತ್ತು ನೋಡುವುದಕ್ಕೆ ಬಿಟ್ಟರೆ ಇನ್ನೇನಕ್ಕೂ ಬರುವುದಿಲ್ಲ. ಇವಳ ಅಪ್ಪನ ಕಾಲದಿಂದ ನಡೆದುಬಂದ ಪದ್ಧತಿ ಇದು. ಒಮ್ಮೆಯೂ ತಪ್ಪಿರಲಿಲ್ಲ.

ಆವತ್ತು ತಪ್ಪಿತು.

ಹಿಂದಿನ ಸಂಜೆ ಅಜ್ಜಿಯ ಮಹಡಿ ಕೋಣೆಗೆ ಹೊಸ ಬಾಡಿಗೆದಾರ ಬಂದಿದ್ದ. ಹಳೆಯ ಕಲ್ಲು ಕಟ್ಟಡಗಳನ್ನು ಸರಿಪಡಿಸುವವನು. ಸೇತುವೆಯ ಕಮಾನು ಬಿರುಕು ಬಿಟ್ಟಿದೆಯೆಂದು ಊರ ಸಮಿತಿಯೇ ಕರೆಸಿತ್ತು. ಬೆಳಗ್ಗೆ ಎದ್ದವನು ಹಾಸಿಗೆಯ ಮೇಲೆ ಕಾಫಿ ಚೆಲ್ಲಿಕೊಂಡ. ಪಾಪ, ಸಭ್ಯ ಮನುಷ್ಯ. ಬೆಡ್‌ಶೀಟನ್ನು ತಾನೇ ಒಗೆದು, ಮಾಳಿಗೆಯಲ್ಲಿ ಸಿಕ್ಕಿದ ಹಗ್ಗಕ್ಕೆ ನೀಟಾಗಿ ಹರವಿ, ಟೋಪಿ ಹಾಕಿಕೊಂಡು ಸೀದಾ ಜಲಪಾತದ ಬುಡಕ್ಕೆ ಇಳಿದ. ಅಜ್ಜಿ ಆಗ ಬಚ್ಚಲುಮನೆಯಲ್ಲಿ ತಲೆಗೆ ಸೋಪು ಹಚ್ಚಿಕೊಂಡಿದ್ದಳು.

ಬೆಡ್‌ಶೀಟಿನ ಬಣ್ಣ ಯಾವುದು ಅಂತ ಬೇರೆ ಹೇಳಬೇಕೇ!

ಅಜ್ಜಿ ಸೋಪಿನ ತಲೆಯಲ್ಲೇ ಓಡಿಬಂದು ಬೆಡ್‌ಶೀಟನ್ನು ಕಿತ್ತೆಳೆದಿದ್ದರಿಂದ ಆ ಮನುಷ್ಯ ಉಳಿದ. ಬಿಳಿ ಮಾಯವಾದದ್ದನ್ನು ಕಂಡ ಮೊಮ್ಮಗಳು ಚಕ್ರವನ್ನು ಹಿಂದಕ್ಕೆ ತಿರುಗಿಸಿ, ಮೆಟ್ಟಿಲುಗಳನ್ನು ಹಾರಿ ಹಾರಿ ಇಳಿದು ಬಂದಿದ್ದಳು.

"ಬಿಳಿ ಬಟ್ಟೆ ಹಾಕಿದ್ಯಾರು ಅಲ್ಲಿ?" ಅವಳು ಈಗ ಕೇಳಿದ್ದು ತನ್ನನ್ನು ತಾನೇ.

ಅವನು ಮಾಳಿಗೆಯ ಕಡೆ ನೋಡಿದ. ಅವಳ ಮುಖ ನೋಡಿದ. ಮೆಲ್ಲಗೆ ಅವನ ಬಾಯಿ ತೆರೆದುಕೊಂಡಿತು.

"ಬಿಳಿ ಬಟ್ಟೆ ಅಂದ್ರೆ... ಬೆಡ್‌ಶೀಟಾ? ಅಯ್ಯೋ... ಅದು ನಂದೇ ಕಣ್ರೀ!"

 ಅವಳಿಗೆ ನಗು ಬಂತು. ತಡೆಯಲಾರದಷ್ಟು ನಗು. ನಗುತ್ತಾ ನಗುತ್ತಾ ಬಂಡೆಯ ಮೇಲೆ ಕುಸಿದು ಕೂತವಳು ಇದ್ದಕ್ಕಿದ್ದಂತೆ ಅಳತೊಡಗಿದಳು.

ಅವನು ಜೇಬಿನಿಂದ ಕರವಸ್ತ್ರ ತೆಗೆದು ಕೊಟ್ಟ. ಅದರಿಂದ ನೀರು ತೊಟ್ಟಿಕ್ಕುತ್ತಿತ್ತು.

"ಇದೂ ಬಿಳೀನೇ," ಅಂದ ಅಳುಕುತ್ತಾ. "ಇಲ್ಲಿ ಬೀಸಬಹುದಾ?"

*

ವಿಷಯ ಸಂಜೆಯೊಳಗೆ ಊರೆಲ್ಲ ಹಬ್ಬಿತು. ಮಾರನೆಯ ದಿನವೇ ಸಮಿತಿ ಸೇರಿತು.

ಸಮಿತಿ ಅಂದರೆ ಬೇರೆ ಯಾರೂ ಅಲ್ಲ, ಹೋಟೆಲಿನ ಯಜಮಾನ ಮತ್ತು ಅವನು ಹೇಳಿದ್ದಕ್ಕೆ ತಲೆಯಾಡಿಸುವ ಕೆಲವರು. ಅವರಲ್ಲಿ ಇವಳ ಚಿಕ್ಕಪ್ಪನೂ ಒಬ್ಬ. ಹೋಟೆಲಿನ ಬಾಗಿಲಲ್ಲೇ ಅವನ ಆಟಿಕೆ ಅಂಗಡಿ. ಅಪ್ಪ ತೀರಿಕೊಂಡಾಗ ಸಮಿತಿಯವರು ಇವಳಿಗೆ ಗೇಟು ಕೊಟ್ಟಿದ್ದು 'ಯಾರಾದ್ರೂ ಗಂಡಸು ಸಿಗೋವರೆಗೆ' ಅಂತ. ಆ ಗಂಡಸು ಇನ್ನೂ ಸಿಕ್ಕಿರಲಿಲ್ಲ. ಕುತ್ತಿಗೆಗೆ ಬರುವ ಕೆಲಸಕ್ಕೆ ಯಾರು ತಾನೇ ಬರುತ್ತಾರೆ?

"ಹೆಣ್ಣುಮಗಳು ಚಕ್ರ ತಿರುಗಿಸ್ತಾಳೆ ಅಂದ್ರೆ ನಾಲ್ಕು ಜನ ಏನಂತಾರೆ?" ಅಂತ ಚಿಕ್ಕಪ್ಪ ಆಗ ಕೇಳಿದ್ದ.

"ಆ ನಾಲ್ಕು ಜನರನ್ನೂ ಕರ್ಕೊಂಡು ಬಾ ಚಿಕ್ಕಪ್ಪ. ಚಕ್ರಕ್ಕೆ ಎಣ್ಣೆ ಹಾಕೋದಿದೆ," ಅಂದಿದ್ದಳು ಇವಳು.

ಹೋಟೆಲಿನ ಯಜಮಾನನಿಗೆ ಬೇರೆಯದೇ ಆಸೆ. ಗೇಟಿಗೆ ಮೋಟಾರು ಕೂರಿಸಿ, ಅದರ ಗುಂಡಿಯನ್ನು ತನ್ನ ಊಟದ ಕೋಣೆಯಲ್ಲಿಟ್ಟು, ಅತಿಥಿಗಳು ಬೇಕೆಂದಾಗೆಲ್ಲ ಜಲಪಾತ ಬೀಳಿಸಬೇಕು ಅಂತ. ಗೇಟಿನ ಮನೆ ಖಾಲಿಯಾದರೆ ಅಲ್ಲೊಂದು ಕಾಫಿ ಅಂಗಡಿ. ಆ ಮನೆಯನ್ನು ಬಿಟ್ಟರೆ ಇವಳಿಗೆ ತನ್ನದು ಅನ್ನುವ ಮನೆಯಿಲ್ಲ, ಆ ಚಕ್ರ ಬಿಟ್ಟರೆ ಬೇರೆ ಬದುಕಿಲ್ಲ. ಇದು ಯಜಮಾನನಿಗೂ ಗೊತ್ತಿತ್ತು.

"ಇನ್ನೊಂದು ಸಲ ಏನಾದ್ರೂ ಎಡವಟ್ಟಾದ್ರೆ ನೀನು ಕೆಳಗಿಳೀಬೇಕು. ತಿಳೀತಾ?" ಅಂದ ಯಜಮಾನ.

"ತಿಳೀತು. ನೀವೂ ಒಂದು ವಿಷಯ ತಿಳ್ಕೊಳ್ಳಿ. ಇವತ್ತಿಂದ ಬಿಳಿ ಬಟ್ಟೆ ಲೆಕ್ಕಕ್ಕಿಲ್ಲ. ಯಾರು ಬೇಕಾದ್ರೂ ಬಿಳಿ ಒಣಗಿಸ್ತಾರೆ. ಅಜ್ಜಿ ಮನೆಯ ಹಳದಿ ಪರದೆ ಏರಬೇಕು. ಅದು ಏರೋವರೆಗೆ ನೀರಿಲ್ಲ."

ಯಜಮಾನ ತನ್ನ ಹೊಸ ಗಾಜಿನ ಜಗಲಿಯ ಉದ್ಘಾಟನೆಯ ಕಾರ್ಡಿಗೆ ಬಣ್ಣ ಆರಿಸುತ್ತಿದ್ದ. "ಬಿಳಿಯೋ, ಹಳದಿಯೋ... ಏನೋ ಒಂದು ಮಾಡ್ಕೋ ಹೋಗು," ಅಂದ ತಲೆಯೆತ್ತದೆ.

ಅವಳು ಎದ್ದು ಬಂದಳು. ಆಮೇಲೆ ಸಮಿತಿಯವರು ಕಲ್ಲಿನ ಕೆಲಸದವನನ್ನು ಒಳಗೆ ಕರೆದರು. ಬಾಗಿಲು ಮುಚ್ಚಿಕೊಂಡಿತು.

ಒಳಗೆ ಅವನು ಏನು ಹೇಳಿದ ಅನ್ನುವುದನ್ನು ನಾನೂ ಈಗ ಹೇಳುವುದಿಲ್ಲ. ಅವಳಿಗೆ ಗೊತ್ತಾದಾಗ ನಿಮಗೂ ಗೊತ್ತಾಗಲಿ!

*

ಅವನಿಗೆ ಊರಲ್ಲಿ ಹೊಸ ಹೆಸರು ಬಿತ್ತು. ಇಟ್ಟವಳು ಅಜ್ಜಿ.

"ಏ ಬೆಡ್‌ಶೀಟು! ಊಟ ಆರಿಹೋಗ್ತಿದೆ, ಬಾರೋ!"

ಬೆಡ್‌ಶೀಟು ಮುಖ ಕೆಂಪಗೆ ಮಾಡಿಕೊಂಡು ಬಂದು ಕೂರುತ್ತಿದ್ದ. ಪಾತ್ರೆಯನ್ನೂ ತೊಳೆದಿಡುತ್ತಿದ್ದ. ಅಜ್ಜಿ ಅವನ ಮುಂದೆ ಬೈದು, ಹಿಂದೆ ಹೊಗಳುತ್ತಿದ್ದಳು.

ಅವನ ಕೆಲಸವೆಲ್ಲ ಸೇತುವೆಯ ಕಮಾನಿನ ಕೆಳಗೆ. ಅಂದರೆ ಗೇಟು ಮುಚ್ಚಿರುವಾಗ ಮಾತ್ರ. ಹಾಗಾಗಿ ಬೆಳಗ್ಗೆ ಎದ್ದ ಕೂಡಲೇ ಗುಡ್ಡ ಹತ್ತಿ ಬಂದು ಅವಳ ಅಪ್ಪಣೆ ಕೇಳಬೇಕಿತ್ತು.

"ನಿಮ್ಮಜ್ಜಿ ಪರದೆ ಹಳದಿ," ಅಂದ ಒಂದು ಬೆಳಗ್ಗೆ. "ನಂದೂ ಒಂದು ಗುರುತು ಇರಲಿ. ನಾನು ಕೆಳಗಿದ್ರೆ ಈ ಟೋಪಿ ಮಾಳಿಗೆ ಗೋಡೆ ಮೇಲೆ ಇರತ್ತೆ. ಮೇಲೆ ಬಂದ ಮೇಲೇ ತೆಗೀತೀನಿ."

"ನನ್ನ ಮೇಲೆ ನಂಬಿಕೆ ಇಲ್ವಾ?"

"ನನ್ನ ಮೇಲೆ ನನಗೇ ನಂಬಿಕೆ ಇಲ್ಲ. ಬೆಡ್‌ಶೀಟು ಒಗೆದವನು ನಾನು ತಾನೆ?"

ಅವಳು ನಗು ಮುಚ್ಚಿಕೊಳ್ಳಲು ಆ ಕಡೆ ತಿರುಗಿದಳು.

ಅಂದಿನಿಂದ ಶುರುವಾಯಿತು ನೋಡಿ ಅವಳ ಫಜೀತಿ. ಚಕ್ರಕ್ಕೆ ಎಣ್ಣೆ ಹಾಕುವಾಗಲೂ ಕಣ್ಣು ಮಾಳಿಗೆ ಕಡೆ. ಅನ್ನಕ್ಕಿಟ್ಟಾಗಲೂ ಕಣ್ಣು ಮಾಳಿಗೆ ಕಡೆ. ಹಳದಿ ಪರದೆಗಾಗಿ ಅಲ್ಲ, ಆ ಹರಕು ಟೋಪಿಗಾಗಿ!

'ಇದ್ಯಾಕೆ ಹೀಗೆ ನೋಡ್ತಿದೀನಿ ನಾನು? ಕೆಲಸ ಕಣೇ, ಕೆಲಸ. ಕೆಳಗೆ ಮನುಷ್ಯ ಇದಾನಲ್ಲ...'

ತನಗೆ ತಾನೇ ಹೇಳಿಕೊಂಡ ಈ ಸುಳ್ಳನ್ನು ಅವಳು ತುಂಬ ದಿನ ನಂಬಿದಳು.

ಒಂದು ಮಧ್ಯಾಹ್ನ ಅವನು ಗೇಟಿನ ಮನೆಗೆ ಬಂದ. ಚಕ್ರದ ಬುಡದ ಕಲ್ಲೊಂದು ಸಡಿಲವಾಗಿತ್ತು. ಕೂರಿಸಿ, ಗಾರೆ ಮೆತ್ತಿ, ಕೈ ತೊಳೆದು ಒಳಗೆ ಬಂದವನು ಬಾಗಿಲ ಹಿಂದಿನ ಮೊಳೆಗೆ ಟೋಪಿ ನೇತುಹಾಕಲು ಕೈಯೆತ್ತಿದ.

"ಅಲ್ಲಿ ಬೇಡ!"

ಅವಳ ದನಿಗೆ ಅವನು ಬೆಚ್ಚಿಬಿದ್ದ.

"ಅದು... ಅಪ್ಪನ ಮೊಳೆ," ಅಂದಳು ಮೆಲ್ಲಗೆ. "ಕೆಲಸದಿಂದ ಬಂದ ಕೂಡ್ಲೇ ಟೋಪಿ ಅಲ್ಲಿ ಹಾಕ್ತಿದ್ರು. ಅವರು ಹೋದ ಮೇಲೆ ಯಾರೂ ಹಾಕಿಲ್ಲ. ಚಿಕ್ಕಪ್ಪ ಒಂದ್ಸಲ ಕೊಡೆ ನೇತುಹಾಕಿದ್ದ. ಕೊಡೆ ಅಂಗಳಕ್ಕೆ ಹಾರಿತ್ತು."

"ಚಿಕ್ಕಪ್ಪ?"

"ಕೊಡೆ ಹಿಂದೇನೇ."

ಅವನು ಜೋರಾಗಿ ನಕ್ಕ. ಆಮೇಲೆ ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು ನೆಲದ ಮೇಲೆ ಕೂತು ಕಾಫಿ ಕುಡಿದ. ಯಾಕೆ ಅಂತ ಕೇಳಲಿಲ್ಲ, ಪಾಪ ಅನ್ನಲಿಲ್ಲ. ಹೋಗುವಾಗ ಬಾಗಿಲಲ್ಲಿ ನಿಂತು, "ನಿಮ್ಮಪ್ಪ ಚಕ್ರವನ್ನ ಚೆನ್ನಾಗಿ ಇಟ್ಕೊಂಡಿದ್ರು. ನೀವು ಇನ್ನೂ ಚೆನ್ನಾಗಿ ಇಟ್ಕೊಂಡಿದೀರಿ," ಅಂದ.

ಇಷ್ಟು ದಿನದಲ್ಲಿ ಆ ಮಾತನ್ನು ಅವಳಿಗೆ ಹೇಳಿದವರು ಯಾರೂ ಇರಲಿಲ್ಲ. ಅವನು ಇಳಿದು ಹೋದ ಮೇಲೂ ಅವಳು ಬಾಗಿಲು ಹಾಕದೆ ನಿಂತೇ ಇದ್ದಳು.

*

ಸುಖ ಕಂಡರೆ ಚಿಕ್ಕಪ್ಪಂದಿರಿಗೆ ನಿದ್ದೆ ಬರುವುದಿಲ್ಲ. ಉದ್ಘಾಟನೆಗೆ ಎರಡು ದಿನ ಇರುವಾಗ ಅವನು ಗುಡ್ಡ ಹತ್ತಿ ಬಂದ.

"ಏನಮ್ಮಾ, ಟೋಪಿಯವನ ಜೊತೆ ಭಾರೀ ಓಡಾಟವಂತೆ? ಅವನು ನಿನಗೆ ಸರಿಯಾಗೇ ಟೋಪಿ ಹಾಕಿದಾನೆ. ಸಮಿತೀಲಿ ಅವನು ಏನಂದ ಗೊತ್ತಾ? 'ಈ ಗೇಟು ಅಪಾಯ' ಅಂದ. ನನ್ನ ಕಿವಿಯಾರೆ ಕೇಳಿದೀನಿ. ಅದಕ್ಕೇ ಮೋಟಾರು ತರಿಸ್ತಿರೋದು."

"ಸುಳ್ಳು!"

"ಹೋಗಿ ಅವನನ್ನೇ ಕೇಳು."

ಕೇಳಿದಳು. ಸುಮ್ಮನೆ ಕೇಳಲಿಲ್ಲ. ಸೇತುವೆಯ ಬಳಿಗೆ ಇಳಿದು ಹೋಗಿ, ಅವನು ಉಳಿ ಕೆಳಗಿಡುವುದಕ್ಕೂ ಬಿಡದೆ ಕೇಳಿದಳು.

"ಗೇಟು ಅಪಾಯ ಅಂದ್ರಾ? ಹೌದು ಅಥವಾ ಇಲ್ಲ. ಅಷ್ಟೇ ಹೇಳಿ."

"ಅಂದೆ. ಆದ್ರೆ..."

"ಸಾಕು!"

"ಪೂರ್ತಿ ಕೇಳಿ..."

"ನಿಮ್ಮ ಪ್ರಾಣ ಉಳಿಸಿದ್ದಕ್ಕೆ ನನ್ನ ಮನೆ ಕಿತ್ಕೊಂಡ್ರಲ್ಲ! ನನ್ನ ಕಾಫಿ ಕುಡಿದ್ರಿ, ನನ್ನಪ್ಪನ ಮಾತಾಡಿದ್ರಿ... ಎಷ್ಟು ನುಣ್ಣಗೆ ಮಾತಾಡ್ತೀರಿ ರೀ ನೀವು!"

ಅವನ ಮುಖ ಬಿಳಿಚಿಕೊಂಡಿತು. ಅವನಿಗೂ ಸಿಟ್ಟು ಬಂತು.

"ಯಾರೋ ಹೇಳಿದ ಅರ್ಧ ಮಾತು ನಂಬ್ತೀರಿ, ನಾನು ಹೇಳೋ ಪೂರ್ತಿ ಮಾತು ಬೇಡ. ಸರಿ. ಕೇಳಬೇಕು ಅನ್ನಿಸಿದಾಗ ಬನ್ನಿ, ಹೇಳ್ತೀನಿ."

"ಆ ದಿನ ಬರಲ್ಲ. ಇನ್ಮೇಲೆ ನಿಮ್ಮ ಟೋಪಿ ನನ್ನ ಕಣ್ಣಿಗೆ ಬೀಳಬಾರದು!"

ಮೆಟ್ಟಿಲು ಹತ್ತುವಾಗ ಅವಳು ಒಮ್ಮೆಯೂ ಹಿಂತಿರುಗಿ ನೋಡಲಿಲ್ಲ. ನೋಡಿದ್ದರೆ ಕಣ್ಣೊರೆಸಿಕೊಳ್ಳುವುದು ಅವನಿಗೆ ಕಾಣುತ್ತಿತ್ತು.

ಮಾರನೆಯ ದಿನ ಮಾಳಿಗೆಯ ಗೋಡೆ ಖಾಲಿಯಿತ್ತು. ಹಠಕ್ಕೆ ಅವನೇನು ಕಡಿಮೆಯೇ!

'ಒಳ್ಳೇದಾಯ್ತು,' ಅಂದುಕೊಂಡಳು.  ಆದರೆ ಅಜ್ಜಿ ಕಳಿಸಿದ ಊಟ ಹಾಗೇ ವಾಪಸು ಹೋಯಿತು.

*

ಉದ್ಘಾಟನೆಯ ದಿನ ಬಂದೇ ಬಂತು.

ಹೋಟೆಲಿನ ಗಾಜಿನ ಜಗಲಿಯಲ್ಲಿ ದೂರದಿಂದ ಬಂದ ಅತಿಥಿಗಳು, ವಾದ್ಯದವರು, ಹೂಮಾಲೆಗಳು. ಯಜಮಾನನ ಭಾಷಣ ಮುಗಿಯುತ್ತಿದ್ದಂತೆ ಜಗಲಿಯ ಪರದೆ ಸರಿಯಬೇಕು, ಎದುರಿಗೆ ಜಲಪಾತ ಧುಮುಕಬೇಕು. ಅದು ಅವನ ಲೆಕ್ಕಾಚಾರ. ಸರಿಯಾದ ಹೊತ್ತಿಗೆ ನೀರು ಬರುವಂತೆ ನೋಡಿಕೊಳ್ಳಲು ಚಿಕ್ಕಪ್ಪನನ್ನು ಗೇಟಿನ ಮನೆಗೆ ಕಳಿಸಿದ್ದ.

"ಬೆಡ್‌ಶೀಟು ಬೆಳಗಿನ ಬಸ್ಸಿಗೇ ಹೋದ," ಅಂದ ಚಿಕ್ಕಪ್ಪ ಬಂದವನೇ. "ಹೇಳದೆ ಕೇಳದೆ ಗಂಟುಮೂಟೆ ಕಟ್ಟಿದ."

ಅವಳು ಚಕ್ರದ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

'ಹೋದನಾ? ಒಂದು ಮಾತೂ ಹೇಳದೆ? ನಾನೇ ಹೇಳೋಕೆ ಬಿಡಲಿಲ್ವಲ್ಲ...'

"ನೋಡು, ಬಟ್ಟೆ ಬಂತು! ತಿರುಗಿಸು!" ಚಿಕ್ಕಪ್ಪ ಕೂಗಿದ.

ಮಾಳಿಗೆಯ ಹಗ್ಗದ ಮೇಲೆ ದೊಡ್ಡದೊಂದು ಬಟ್ಟೆ ಏರಿತ್ತು. ಬೆಳ್ಳಗೆ ಹೊಳೆಯುತ್ತಿತ್ತು.

ಅವಳು ಅಲುಗಲಿಲ್ಲ.

"ಅದು ಬಿಳಿ."

"ಬಿಳೀನೇ ತಾನೆ ಬೇಕಾಗಿರೋದು! ಮೊದಲಿಂದ ಬಿಳೀನೇ!"

"ಹಳದಿ ಅಂತ ಸಮಿತೀಲಿ ಹೇಳಿದೀನಿ. ನೀನೂ ಅಲ್ಲೇ ಕೂತಿದ್ದೆ."

"ಅದು ಹೋಟೆಲಿನ ಮೇಜುಬಟ್ಟೆ ಕಣೇ! ನಿಮ್ಮಜ್ಜಿ ತಡ ಮಾಡ್ತಿದಾಳೆ ಅಂತ ಯಜಮಾನರೇ ಸಪ್ಲೈಯರ್‌ನ ಕಳಿಸಿ ಹಾಕ್ಸಿದಾರೆ. ಕೆಳಗೆ ಯಾರೂ ಇಲ್ವಂತೆ. ತಿರುಗಿಸು!"

"ಅಜ್ಜಿ ಯಾಕೆ ತಡ ಮಾಡಿದಳು?"

"ಮುದುಕಿ! ನಿದ್ದೆ ಹೋಗಿರಬೇಕು!"

"ಅಪ್ಪನ ಕಾಲದಿಂದ ನನ್ನಜ್ಜಿ ಒಂದು ದಿನ ಆ ಮಾಳಿಗೇಲಿ ತೂಕಡಿಸಿದ್ದಿಲ್ಲ. ಪರದೆ ಏರಿಲ್ಲ ಅಂದ್ರೆ ಕೆಳಗೆ ಏನೋ ಇದೆ. ತಿರುಗಿಸಲ್ಲ."

ಚಿಕ್ಕಪ್ಪ ತಾನೇ ಹೋಗಿ ಗಂಟೆ ಹೊಡೆಯತೊಡಗಿದ. ಢಣ ಢಣ ಢಣ ಅಂತ ಹುಚ್ಚು ಹಿಡಿದವನ ಹಾಗೆ! ಕೆಳಗೆ ವಾದ್ಯದವರೂ ಶುರುಹಚ್ಚಿಕೊಂಡರು. ಅಷ್ಟರಲ್ಲಿ ಏದುಸಿರು ಬಿಡುತ್ತಾ ಸ್ವತಃ ಯಜಮಾನನೇ ಗುಡ್ಡ ಹತ್ತಿ ಬಂದ. ಹೊಸ ಕೋಟಿನ ಬೆನ್ನು ಬೆವರಿನಲ್ಲಿ ತೊಯ್ದಿತ್ತು.

"ಏನಾಟ ಇದು? ಅಷ್ಟು ಜನದ ಮುಂದೆ ನನ್ನ ಮಾನ ಕಳೀತಿದೀಯಾ? ತಿರುಗಿಸು ಚಕ್ರ!"

"ಪರದೆ ಏರಲಿ."

"ನೀರು ಬಿಡದಿದ್ರೆ ಈ ಗಳಿಗೆಯಿಂದ ನಿನಗೆ ಗೇಟೂ ಇಲ್ಲ, ಮನೇನೂ ಇಲ್ಲ. ಸಾಮಾನು ಬೀದಿಗೆ ಹಾಕಿಸ್ತೀನಿ!"

ಅವಳು ಸುತ್ತ ನೋಡಿದಳು. ಅಪ್ಪನ ಮಂಚ. ತಾನು ಹೊಲಿದ ಕಿಟಕಿಯ ಬಟ್ಟೆ. ಬಾಗಿಲ ಹಿಂದಿನ ಖಾಲಿ ಮೊಳೆ. ಕಣ್ಣು ತುಂಬಿ ಬಂತು. ಆದರೆ ದನಿ ನಡುಗಲಿಲ್ಲ.

"ಹಾಕ್ಸಿ. ಮಂಚದಿಂದ ಶುರು ಮಾಡಿ, ಅದೇ ಭಾರ ಜಾಸ್ತಿ. ಆದ್ರೆ ನೀರು ಮಾತ್ರ ಬಿಡಲ್ಲ."

ಚಿಕ್ಕಪ್ಪ ಚಕ್ರಕ್ಕೆ ಕೈಹಾಕಲು ಮುಂದೆ ಬಂದ. ಅವಳು ಚಕ್ರದ ಹಿಡಿಯನ್ನು ಒಂದೇ ಎಳೆತಕ್ಕೆ ಕಿತ್ತು, ಎದೆಗವಚಿಕೊಂಡು, ಹೊಸ್ತಿಲ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೇಬಿಟ್ಟಳು. ಹಿಡಿಯಿಲ್ಲದೆ ಆ ಚಕ್ರ ಆನೆ ಬಂದರೂ ತಿರುಗುವುದಿಲ್ಲ.

"ಕೊಡೇ ಇಲ್ಲಿ!"

"ಬಾ ಚಿಕ್ಕಪ್ಪ. ಕೊಡೆ ಎಲ್ಲಿಗೆ ಹಾರಿತ್ತು ಅನ್ನೋದು ನೆನಪಿದೆ ತಾನೆ?"

ಚಿಕ್ಕಪ್ಪ ನಿಂತಲ್ಲೇ ನಿಂತ.

ಆಗ ಮಾಳಿಗೆಯ ಮೇಲೆ ಏನೋ ಗಲಾಟೆ ಕಂಡಿತು. ಅಜ್ಜಿಯ ಪುಟ್ಟ ಆಕೃತಿ ಮೇಜುಬಟ್ಟೆಗೆ ಜೋತುಬಿದ್ದು ಅದನ್ನು ಕೆಳಗೆಳೆಯಿತು. ಸಪ್ಲೈಯರ್ ತಡೆಯಲು ಬಂದವನು ಹಿಂದೆ ಸರಿದ. ಅಜ್ಜಿ ಒಳಗೆ ಹೋಗಿ ಬಂದು, ಗೋಡೆಯ ಮೇಲೆ ಏನನ್ನೋ ಇಟ್ಟು, ಎರಡೂ ಕೈ ಬೀಸತೊಡಗಿದಳು.

ಮೊಮ್ಮಗಳು ಕಣ್ಣು ಕಿರಿದು ಮಾಡಿ ನೋಡಿದಳು.

ಅಂಚು ಹರಿದ ಹುಲ್ಲಿನ ಟೋಪಿ!

 ಅವನು ಹೋಗಿಲ್ಲ. ಅವನು ಕೆಳಗಿದ್ದಾನೆ. ಚಾಚಿದ ಬಂಡೆಯ ಕೆಳಗೆ, ನೀರು ಬೀಳುವ ಜಾಗದಲ್ಲೇ ಇದ್ದಾನೆ!

ಹಿಡಿಯನ್ನು ಕಂಕುಳಲ್ಲಿ ಇರುಕಿಕೊಂಡು ಅವಳು ಓಡಿದಳು. ಯಜಮಾನನನ್ನು ತಳ್ಳಿಕೊಂಡೇ ಓಡಿದಳು.

*

ಸೇತುವೆಯ ಕಮಾನಿನ ಕೆಳಗೆ ಅವನು ಮೊಣಕಾಲೂರಿ ಕೂತಿದ್ದ. ಹೆಗಲಿನ ಮೇಲೆ ಕಬ್ಬಿಣದ ಹಾರೆ, ಹಾರೆಯ ತುದಿಯಲ್ಲಿ ಒಂದು ದೊಡ್ಡ ಬಂಡೆ. ಬಂಡೆಯ ಸಂದಿಯಲ್ಲಿ ಒಬ್ಬ ಹೆಂಗಸಿನ ಕಾಲು ಸಿಕ್ಕಿಕೊಂಡಿತ್ತು. ಹಾರೆ ಬಿಟ್ಟರೆ ಬಂಡೆ ಆ ಕಾಲಿನ ಮೇಲೆಯೇ ಕೂರುತ್ತಿತ್ತು. ಅವನು ಬಿಡುವ ಹಾಗಿರಲಿಲ್ಲ, ಆಕೆ ಏಳುವ ಹಾಗಿರಲಿಲ್ಲ.

ಆ ಹೆಂಗಸು ಬೇರೆ ಯಾರೂ ಅಲ್ಲ. ಹೋಟೆಲಿನ ಯಜಮಾನನ ಹೆಂಡತಿ!

ಗಂಡನ ಭಾಷಣ ಕೇಳಿ ಕೇಳಿ ಸಾಕಾಗಿತ್ತು, ಹೊಸ ಚಪ್ಪಲಿ ಬೇರೆ ಕಚ್ಚುತ್ತಿತ್ತು. ಒಂದು ಗಳಿಗೆ ಕಾಲು ನೆನೆಸೋಣ ಅಂತ ಇಳಿದು ಬಂದಿದ್ದಳಂತೆ. ಪಕ್ಕದ ಕುರ್ಚಿ ಖಾಲಿಯಾದದ್ದು ಗಂಡನಿಗೆ ಗೊತ್ತೇ ಆಗಿರಲಿಲ್ಲ.

"ಹಿಡಿ ತಂದಿದೀರಾ? ಇದಕ್ಕೆ ಆನಿಕೆ ಕೊಡಿ," ಅಂದ ಅವನು ಹಲ್ಲು ಕಚ್ಚಿಕೊಂಡು. ಬೇರೆ ಮಾತಿಲ್ಲ.

ಅವಳು ಚಕ್ರದ ಹಿಡಿಯನ್ನು ಬಂಡೆಯ ಕೆಳಗೆ ತೂರಿಸಿ ಭುಜ ಕೊಟ್ಟಳು. ಇಬ್ಬರೂ ಒಟ್ಟಿಗೆ ಎತ್ತಿದರು. ಬಂಡೆ ಒಂದಿಷ್ಟು ಮೇಲೆದ್ದಿತು. ಯಜಮಾನನ ಹೆಂಡತಿ ಕಾಲೆಳೆದುಕೊಂಡು ಹಿಂದಕ್ಕೆ ಉರುಳಿದಳು.

ಅಷ್ಟರಲ್ಲಿ ಯಜಮಾನ ಬಂದ. ಚಿಕ್ಕಪ್ಪ ಬಂದ. ಅಜ್ಜಿ ಹಳದಿ ಪರದೆಯನ್ನು ಕಂಕುಳಲ್ಲಿ ಹಿಡಿದುಕೊಂಡೇ ಬಂದಳು. ಹೆಂಡತಿಯನ್ನು ಕಂಡ ಯಜಮಾನ ಹೊಸ ಕೋಟಿನಲ್ಲೇ ಅವಳ ಪಕ್ಕ ಮೊಣಕಾಲೂರಿ ಕೂತ.

"ಗಂಟೆ ಹೊಡೆಸಿದ್ಯಾರು?" ಕೇಳಿದಳು ಹೆಂಡತಿ.

"ಅದು... ಯಾರೂ ಇಲ್ಲ ಅಂತ ಸಪ್ಲೈಯರ್ ಹೇಳಿದ..."

"ಗಂಟೆ ಕೇಳಿ ನನ್ನ ಜೀವ ಬಾಯಿಗೆ ಬಂತು! 'ನೀನಾದ್ರೂ ಓಡಪ್ಪಾ' ಅಂತ ಈ ಹುಡುಗನಿಗೆ ಕೈಮುಗಿದೆ. ಅಲುಗಲಿಲ್ಲ ಇವನು. ಏನಂದ ಗೊತ್ತಾ? 'ಅದು ಅವಳು ಹೊಡೆದ ಗಂಟೆ ಅಲ್ಲಮ್ಮ. ಹಳದಿ ಪರದೆ ಏರುವವರೆಗೆ ಅವಳು ನೀರು ಬಿಡಲ್ಲ. ನೀವು ಧೈರ್ಯವಾಗಿರಿ' ಅಂದ."

ಗೇಟ್ ರಾಣಿ ಅವನ ಕಡೆ ನೋಡಿದಳು. ಅವನು ಹಾರೆಯನ್ನು ನೋಡುತ್ತಿದ್ದ.

"ನಾನು ಮಾಳಿಗೆಯಿಂದ ಕೂಗಿ ಕೂಗಿ ಗಂಟಲು ಕಟ್ಕೊಂಡೆ," ಅಂದಳು ಅಜ್ಜಿ. "ಯಾರು ಕೇಳ್ತಾರೆ? ಆ ಸಪ್ಲೈಯರ್ ಕೆಳಗೆ ಬಗ್ಗಿಯೂ ನೋಡ್ಲಿಲ್ಲ. ಪರದೆ ಕೊಡಲ್ಲ ಅಂತ ಅದರ ಮೇಲೇ ಕೂತೆ. ಮೇಜುಬಟ್ಟೆ ತಂದ್ರು! ಆಮೇಲೆ ಈ ಬೆಡ್‌ಶೀಟಿನ ಟೋಪಿ ನೆನಪಾಯ್ತು. ಬಸ್ಸು ಬಿಟ್ಟು, ಮರೆತ ಉಳಿ ತರ್ತೀನಿ ಅಂತ ಕೆಳಗಿಳಿದಿದ್ದ. ಟೋಪಿ ಮೂಲೇಲಿ ಎಸೆದಿದ್ದ, ಯಾರಿಗೋ ತೋರಿಸಬಾರದಂತೆ."

ಯಜಮಾನನ ಹೆಂಡತಿ ಗಂಡನ ಹೆಗಲು ಹಿಡಿದು ಎದ್ದು ನಿಂತಳು.

"ರೀ, ಒಂದು ಮಾತು. ಗೇಟು ಇವಳದ್ದು. ಮನೆ ಇವಳದ್ದು. ಇನ್ನೊಂದ್ಸಲ ಮೋಟಾರು ಅಂತ ಬಾಯಿಬಿಟ್ರೆ, ಅದರ ಗುಂಡಿ ನಾನು ಒತ್ತೋದು ನೀವು ಇಲ್ಲಿ ಸ್ನಾನಕ್ಕೆ ಇಳಿದಾಗ!"

ಯಜಮಾನ ತಲೆ ತಗ್ಗಿಸಿದ. ತಪ್ಪಾಯಿತು ಅನ್ನುವ ಮಾತು ಹೇಗೋ ಹೊರಗೆ ಬಂತು. ಚಿಕ್ಕಪ್ಪ ಆಗಲೇ ಮೆಟ್ಟಿಲ ಕಡೆ ಜಾರುತ್ತಿದ್ದ.

"ನಿಲ್ಲೋ," ಅಂದಳು ಅಜ್ಜಿ. "ಆವತ್ತು ಸಮಿತೀಲಿ ಇವನು ಪೂರ್ತಿ ಏನಂದ, ಹೇಳು. ಇವಳ ಮುಂದೆ ಹೇಳು."

ಚಿಕ್ಕಪ್ಪ ಕೆಮ್ಮಿದ. ಆಕಾಶ ನೋಡಿದ. ಕೊನೆಗೆ ಗೊಣಗಿದ.

"ಗೇಟು ಅಪಾಯ... ಎಲ್ಲ ಭಾರಾನೂ ಇಬ್ಬರು ಹೆಂಗಸರ ಕಣ್ಣಿನ ಮೇಲೆ ಹಾಕಿ ನೀವೆಲ್ಲ ಕೈ ತೊಳ್ಕೊಂಡಿದೀರಿ, ಅದು ಅಪಾಯ. ಅವಳಿಗೆ ಇನ್ನೊಬ್ಬ ಜೊತೆಗಾರ ಬೇಕು. ತಪ್ಪು ಬೆಡ್‌ಶೀಟಿಂದು, ತೆಗೆಯೋದಾದ್ರೆ ನನ್ನನ್ನ ತೆಗೀರಿ... ಅಂದ."

*

ಎಲ್ಲರೂ ಮೇಲೆ ಹೋದರು. ಅವರಿಬ್ಬರೇ ಉಳಿದರು.

"ಓಡಬಹುದಿತ್ತು ನೀವು," ಅಂದಳು. "ನಿಮ್ಮನ್ನ ಅಷ್ಟು ಬೈದಿದ್ದೆ. ಸಿಟ್ಟಲ್ಲಿ ನಾನು ಏನು ಬೇಕಾದ್ರೂ ಮಾಡಿರಬಹುದು ಅಂತ ಅನ್ನಿಸ್ಲಿಲ್ವಾ?"

"ನನಗೆ ಇನ್ನೊಂದು ಏಟು ಬೀಳಬಹುದು ಅನ್ನಿಸ್ತು. ನೀರು ಬೀಳತ್ತೆ ಅಂತ ಅನ್ನಿಸ್ಲೇ ಇಲ್ಲ."

ಅವಳು ತುಟಿ ಕಚ್ಚಿಕೊಂಡಳು. ಪ್ರಯೋಜನವಾಗಲಿಲ್ಲ. ಕಣ್ಣೀರು ಕೆನ್ನೆ ಮೇಲೆ ಇಳಿದೇಬಿಟ್ಟಿತು.

"ನಾನು ಕೇಳೋಕೆ ಬಂದಿದೀನಿ," ಅಂದಳು. "ಪೂರ್ತಿ ಮಾತು. ಸಮಿತೀದಲ್ಲ. ಉಳಿದದ್ದು ಏನಾದ್ರೂ ಇದ್ರೆ..."

"ಇದೆ. ಉಳಿ ಮರೆತೆ ಅಂತ ನಿಮ್ಮಜ್ಜಿಗೆ ಸುಳ್ಳು ಹೇಳಿದೆ. ಉಳಿ ಚೀಲದಲ್ಲೇ ಇತ್ತು. ನಿಮ್ಮನ್ನ ಬಿಟ್ಟು ಹೋಗೋಕೆ ಕಾಲು ಬರಲಿಲ್ಲ. ನಂಗೆ ನೀವಂದ್ರೆ ಇಷ್ಟ. ಆ ಏಟು ಬಿದ್ದ ದಿನದಿಂದ ಇಷ್ಟ."

"ನೀವು ಅಂತ ಕರೀಬೇಡ," ಅಂದಳು ಅವಳು ಅಳುತ್ತಲೇ. "ನನಗೂ... ನನಗೂ ಅಷ್ಟೇ ಕಣೋ. ದಿನಾ ಆ ಹರಕು ಟೋಪೀನೇ ನೋಡ್ತಾ ಕೂರ್ತಿದ್ದೆ."

ಆ ಮಧ್ಯಾಹ್ನ ಅಜ್ಜಿಯ ಮಾಳಿಗೆಯ ಮೇಲೆ ಹಳದಿ ಪರದೆ ಏರಿತು. ಅವಳು ಗಂಟೆ ಹೊಡೆದಳು, ಹಿಡಿಯನ್ನು ಸಿಕ್ಕಿಸಿ ಚಕ್ರ ತಿರುಗಿಸಿದಳು. ನೀರು ಬಂಡೆಯಂಚು ದಾಟಿ ಧುಮುಕಿತು. ಹೋಟೆಲಿನ ಜಗಲಿಯಲ್ಲಿ ಕಾದು ಕಾದು ಸುಸ್ತಾಗಿದ್ದವರೆಲ್ಲ ಎದ್ದು ನಿಂತು ಕೂಗಿದರು. ಇಲ್ಲಿ ಗೇಟಿನ ಮನೆಯಲ್ಲಿ ಅವಳಿಗೆ ಅದ್ಯಾವುದೂ ಕೇಳಿಸಲಿಲ್ಲ. ಅವನು ಟೋಪಿ ಕೈಯಲ್ಲಿ ಹಿಡಿದು, ಒಳಗೆ ಬರಲೋ ಬೇಡವೋ ಅಂತ ಬಾಗಿಲಲ್ಲಿ ನಿಂತಿದ್ದ.

"ಯಾಕೆ ನಿಂತೆ? ಬಾ."

"ಟೋಪಿ ಎಲ್ಲಿಡಲಿ?"

"ಬಾಗಿಲ ಹಿಂದೆ ಮೊಳೆ ಇದೆಯಲ್ಲ."

ಅವನು ಅವಳ ಮುಖ ನೋಡಿದ. "ಅದು ನಿಮ್ಮಪ್ಪನ ಮೊಳೆ."

"ಹೌದು. ಅದಕ್ಕೇ ಅಲ್ಲಿ ಇಡು ಅಂತಿದೀನಿ. ಆದ್ರೆ ಯೋಚನೆ ಮಾಡಿ ಇಡು. ಒಂದ್ಸಲ ನೇತುಹಾಕಿದ್ರೆ ತೆಗೆಯೋ ಹಾಗಿಲ್ಲ."

"ಮತ್ತೆ ಸೇತುವೆ ಕೆಲಸ ಇನ್ನೂ ಬಾಕಿ ಇದೆ. ಕೆಳಗೆ ಹೋದಾಗ ಗೋಡೆ ಮೇಲೆ ಏನಿಡಲಿ?"

"ಬೇರೆ ಟೋಪಿ ತಗೋ," ಅಂದಳು ಗೇಟ್ ರಾಣಿ. "ಇದು ಮನೇದು."